ಆರು ಜನಕ್ಕೆ ಒಂದೇ ಕಿವಿ

ಹಿರೇಮಡು ವಿದ್ಯುದಾಗಾರದಲ್ಲಿ ನಾಲ್ಕು ಯಂತ್ರಗಳೂ ಒಬ್ಬ ನಂಜುಂಡಾಚಾರಿಯೂ ಇದ್ದರು. ಯಂತ್ರಗಳಿಗಾದರೆ ಬಿಡಿಭಾಗ ಸಿಗುತ್ತಿತ್ತು.

ಆಚಾರ್ರು ಮೂವತ್ತಮೂರು ವರ್ಷ ಅಣೆಕಟ್ಟಿನ ಬುಡದಲ್ಲಿ, ನೆಲದಿಂದ ಒಂಬತ್ತು ಅಂತಸ್ತು ಕೆಳಗೆ, ಉಕ್ಕಿನ ಕೋಲಿನ ಒಂದು ತುದಿಯನ್ನು ಬೇರಿಂಗಿಗೆ ಆನಿಸಿ ಇನ್ನೊಂದನ್ನು ಕಿವಿಗೆ ಹಚ್ಚಿಕೊಂಡು ನಿಂತವರು. "ಮೂರನೇದಕ್ಕೆ ನೆಗಡಿ" ಅನ್ನುತ್ತಿದ್ದರು. ಬಿಚ್ಚಿ ನೋಡಿದರೆ ಎಣ್ಣೆಗೆ ನೀರು ಸೇರಿರುತ್ತಿತ್ತು. ಅಲ್ಲಿ ಸಾವಿರದ ಇನ್ನೂರು ಸಂವೇದಕಗಳೂ ಇದ್ದವು. ಏನನ್ನು ನೋಡು ಎಂದು ಹೇಳಿದ್ದರೋ ಅದನ್ನು ಅವು ಬಹಳ ಚೆನ್ನಾಗಿ ನೋಡುತ್ತಿದ್ದವು. ಅವನ್ನು ನಂಬಿ ಮೇಲಿನವರು ಹದಿನೆಂಟು ವರ್ಷ ಹೊಸಬರ ನೇಮಕ ನಿಲ್ಲಿಸಿದ್ದರು. ಹೀಗಾಗಿ ಆಚಾರ್ರ ನಿವೃತ್ತಿಗೆ ಐದು ತಿಂಗಳಿದ್ದಾಗ ಲೆಕ್ಕ ಹಾಕಿ ನೋಡಿದರೆ, ಅವರ ಕೆಳಗೆ ನೀರು ಬಿಟ್ಟು ಬೇರೆ ಯಾರೂ ಇರಲಿಲ್ಲ.

ತರಬೇತಿ ಕೇಂದ್ರದ ಅಧಿಕಾರಿ ನಾನು. ತರಬೇತಿ ಪಡೆಯುವವರು ಇಲ್ಲದ ಹದಿನೆಂಟು ವರ್ಷ ಕಾಲೊನಿಯ ಮದುವೆಗಳೆಲ್ಲ ನಮ್ಮ ಕೇಂದ್ರದಲ್ಲೇ ನಡೆದವು. ಅವಸರದಲ್ಲಿ ತೆಗೆದುಕೊಂಡ ಹೊಸ ಬ್ಯಾಚಿನ ಆರು ಅಪ್ರೆಂಟಿಸರು ಮೊದಲ ದಿನ ಬಂದು ಕೂತಾಗಲೂ ಕರಿಹಲಗೆಯ ಮೇಲೆ ಯಾರದೋ ವಧೂವರರ ಹೆಸರಿತ್ತು. ಅದನ್ನು ಒರೆಸಿ ‘ಶಬ್ದ’ ಎಂದು ಬರೆದೆ.

ಮೊದಮೊದಲು ಆಚಾರ್ರು ಬಾಯಲ್ಲೇ ಕಲಿಸಲು ನೋಡಿದರು.

"ನೋಡ್ರಪ್ಪ, ಗುಂಯ್ ಅಂದ್ರೆ ಚೆನ್ನಾಗಿದೆ ಅಂತ. ಗೊಂಯ್ ಅಂದ್ರೆ ನಿಲ್ಲಿಸಿಬಿಡಿ."

ಆರು ಜನರೂ ಬರೆದುಕೊಂಡರು. ಹಿಂದಿನ ಬೆಂಚಿನಿಂದ ಯಮನೂರಪ್ಪ ಎದ್ದು ನಿಂತ. "ಸರ್, ಗುಂಯ್‌ಗೂ ಗೊಂಯ್‌ಗೂ ನಡುವಿಂದು ಬಂದ್ರ ಏನ್ ಮಾಡೂದ್ರಿ?"

"ನಡುವಿಂದು ಅಂದ್ರೆ?"

"ಗುಒಂಯ್, ರಿ."

ಎಲ್ಲರೂ ನಕ್ಕರು. ಆಚಾರ್ರು ನಗಲಿಲ್ಲ. ಕಣ್ಣು ಮುಚ್ಚಿ ಒಂದು ಗಳಿಗೆ ಯೋಚಿಸಿ, "ಅದು ಬಂದ್ರೆ ನನ್ನ ಕರೀರಿ" ಅಂದರು. ಇದೇ ನಮ್ಮ ತೊಡಕಾಗಿತ್ತು. ಆ ಕಿವಿಯನ್ನು ಪಳಗಿಸಲು ಆಚಾರ್ರಿಗೆ ಹನ್ನೊಂದು ವರ್ಷ ಹಿಡಿದಿತ್ತು. ನಮ್ಮ ಹತ್ತಿರ ಇದ್ದದ್ದು ಐದು ತಿಂಗಳು.

ಆಗ ಬಂತು ಟೋಪಿ. ಕಚೇರಿಯ ಆದೇಶದಲ್ಲಿ ಅದಕ್ಕೆ ‘ಶ್ರವಣಾನುಭವ ಹಸ್ತಾಂತರ ಸಾಧನ’ ಎಂಬ ಹೆಸರಿತ್ತು. ಕಾಲೊನಿ ಅದನ್ನು ಕಿವಿಟೋಪಿ ಎಂದು ಕರೆದು ಕೆಲಸ ಮುಗಿಸಿತು. ಜೊತೆಗೆ ಬಂದ ಡಾಕ್ಟರ್ ಅನಸೂಯಾ ಸಣ್ಣ ಆಕಾರದ, ಬೇಸರದ ಮುಖದ ಹೆಂಗಸು. ಸಾಧನ ಹೇಗೆ ಕೆಲಸ ಮಾಡುತ್ತದೆಂದು ನನಗೆ ಕಂಟ್ರೋಲ್ ರೂಮಿನ ಮೂಲೆಯಲ್ಲಿ ವಿವರಿಸಿದರು.

"ಕಿವಿಯಿಂದ ಮಿದುಳಿಗೆ ಶಬ್ದ ಒಯ್ಯೋ ನರಗಳಿವೆ ಅಂತ ಎಲ್ಲರಿಗೂ ಗೊತ್ತು. ಮಿದುಳಿನಿಂದ ಕಿವಿಗೆ ವಾಪಸ್ ಬರೋ ನರಗಳೂ ಇವೆ. ಅವು ತರೋದು ಆರ್ಡರು. ಇದನ್ನ ತಗ್ಗಿಸು, ಅದನ್ನ ಬಿಡು, ಅಂತ. ನಿಮ್ಮ ಆಚಾರ್ರು ಬಿರುಕು ಹೇಗೆ ಕೇಳ್ತಾರೆ ಅಂದ್ಕೊಂಡ್ರಿ? ಬಿರುಕಿನ ಶಬ್ದ ಎಲ್ಲರ ಕಿವಿಗೂ ಬೀಳತ್ತೆ. ಅದರ ಮೇಲೆ ಕೂತಿರೋ ಬೇರೆ ಗದ್ದಲವನ್ನ ಅವರು ಕೇಳಿಸಿಕೊಳ್ಳಲ್ಲ. ಅಷ್ಟೇ ಅವರ ವಿದ್ಯೆ."

"ಅಂದ್ರೆ ಕೇಳದಿರೋದನ್ನ ಕಲಿಸ್ತೀರಿ."

"ನಲವತ್ತು ಸಿಟ್ಟಿಂಗಲ್ಲಿ" ಅಂದರು.

ಆಚಾರ್ರು ಟೋಪಿ ಹಾಕಿಕೊಂಡು ಮೂರು ವಾರ ತಮ್ಮ ನಿತ್ಯದ ಸುತ್ತು ಹಾಕಿದರು. ಅವರ ಮಿದುಳು ಕಿವಿಗೆ ಕಳಿಸಿದ ಆಜ್ಞೆಗಳೆಲ್ಲ ದಾಖಲಾದವು. ಆಮೇಲೆ ಆರು ಅಪ್ರೆಂಟಿಸರನ್ನು ಸಾಲಾಗಿ ಕೂರಿಸಿ, ಅದೇ ಆಜ್ಞೆಗಳನ್ನು ಸಣ್ಣ ವಿದ್ಯುತ್ತಿನಲ್ಲಿ ಅವರ ನರಗಳ ಮೇಲೆ ದಿನಕ್ಕೊಂದು ಸಲ ತೀಡಲಾಯಿತು. ತೀಡಿ ತೀಡಿ ದಾರಿ ಬೀಳಬೇಕು. ಮೊದಲ ಸಿಟ್ಟಿಂಗಿನಿಂದ ತೊಂಬತ್ತು ದಿನದೊಳಗೆ ಬೇಡವೆಂದರೆ ಅಳಿಸಬಹುದು. ಅಳಿಸಿದರೆ ಪೂರ್ತಿ ಹೋಗುತ್ತದೆ, ಕಲಿತದ್ದೂ ಸೇರಿ. ತೊಂಬತ್ತು ದಾಟಿದರೆ ಅದು ಅವರದೇ ಕಿವಿ.

ಯಮನೂರಪ್ಪನ ವಿಷಯ ಇಲ್ಲಿ ಹೇಳಬೇಕು. ಅವನ ಊರು ನಮ್ಮ ಅಣೆಕಟ್ಟಿನ ಹಿನ್ನೀರಿನೊಳಗಿದೆ, ಇಪ್ಪತ್ತು ಮೀಟರ್ ಆಳದಲ್ಲಿ. ಮುಳುಗಡೆಯವರಿಗೆ ಮನೆಗೊಂದು ಕೆಲಸ, ಒಂದೇ ಸಲ. ಅರ್ಜಿ ಕೊಟ್ಟದ್ದು ಅವನ ಅಜ್ಜ, ವಿಚಾರಣೆಗೆ ಹಾಜರಾದದ್ದು ಅಪ್ಪ, ಆದೇಶ ಬಂದದ್ದು ಇವನ ಕೈಗೆ. ಅಲ್ಲಿಯವರೆಗೆ ಮೂರು ತಲೆಮಾರು ತಗಡಿನ ಶೆಡ್ಡಿನಲ್ಲಿ ‘ತಾತ್ಕಾಲಿಕ’ವಾಗಿ ಬದುಕಿತ್ತು. ಈಗ ಕ್ವಾರ್ಟರ್ಸಿನ ಎರಡು ಕೋಣೆಯಲ್ಲಿ ಅವನು, ತಾಯಿ, ಓದುವ ಇಬ್ಬರು ತಂಗಿಯರು, ಮದುವೆಯಾಗಿ ಎಂಟು ತಿಂಗಳಾಗಿದ್ದ ಹೆಂಡತಿ ನೀಲವ್ವ. ಅಪ್ರೆಂಟಿಸಿಕೆ ಕೈಬಿಟ್ಟರೆ ಕ್ವಾರ್ಟರ್ಸೂ ಬಿಡಬೇಕು. ಮನೆಗೊಂದು ಕೆಲಸದ ಹಕ್ಕು ಎರಡನೇ ಸಲ ಹುಟ್ಟುವುದಿಲ್ಲ.

ನಲವತ್ತು ಸಿಟ್ಟಿಂಗ್ ಮುಗಿದವು. ಪರೀಕ್ಷೆಗೆಂದು ಆರು ಜನರನ್ನು ಕೆಳಗಿಳಿಸಿದೆವು. ಡೆನಿಸ್ ಎಂಬ ಹುಡುಗ ನಾಲ್ಕನೇ ಯಂತ್ರದ ಮುಂದೆ ನಿಂತು, "ಇದಕ್ಕೆ ಹೊಟ್ಟೆ ಸರಿ ಇಲ್ಲ" ಅಂದ. ಆಚಾರ್ರು ಬೆಚ್ಚಿಬಿದ್ದರು. ಅದು ಅವರ ಮಾತು. ಟೋಪಿಯಲ್ಲಿ ಮಾತು ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಒಂದೇ ಥರ ಕೇಳಿದವರಿಗೆ ಒಂದೇ ಥರ ತೋಚುತ್ತದೆಂದು ಕಾಣುತ್ತದೆ.

ಅರವತ್ತೊಂದನೇ ದಿನ, ಮಟಮಟ ಮಧ್ಯಾಹ್ನ, ಊಟದ ಡಬ್ಬಿ ಮುಚ್ಚದೆ ಯಮನೂರಪ್ಪ ಎದ್ದು ಎರಡನೇ ಯಂತ್ರದ ಕಡೆ ನಡೆದ. ಸಂವೇದಕಗಳೆಲ್ಲ ಹಸಿರಾಗಿದ್ದವು. ಇವನು ಕೋಲು ಆನಿಸಿ ಎರಡು ನಿಮಿಷ ನಿಂತು, "ನಿಲ್ಲಸ್ರಿ ಇದನ್ನ" ಅಂದ. ಆಚಾರ್ರು ಬಂದು ಕೇಳಿದರು. ಅವನ ಬೆನ್ನು ತಟ್ಟಿದರು. ಯಂತ್ರ ನಿಲ್ಲಿಸಿ, ನೀರು ಬಸಿದು ಒಳಗೆ ಇಳಿದರೆ, ತಿರುಗುಚಕ್ರದ ಒಂದು ಅಲಗಿನ ಬುಡದಲ್ಲಿ ಕೂದಲೆಳೆಯ ಬಿರುಕು. ಇನ್ನೊಂದು ವಾರ ಬಿಟ್ಟಿದ್ದರೆ ಅಲಗು ಕಳಚಿ ಒಳಗಿದ್ದದ್ದೆಲ್ಲ ಪುಡಿ. ಕೆಳಗೆ ಯಾವಾಗಲೂ ಹತ್ತು ಹನ್ನೆರಡು ಜನ ಇರುತ್ತಾರೆ.

ಮುಖ್ಯ ಎಂಜಿನಿಯರ್ ಹೆರಕಲ್ ಸಾಹೇಬರು ಹಾರ ತರಿಸಿದರು. ಫೋಟೋದಲ್ಲಿ ಯಮನೂರಪ್ಪ, ಆಚಾರ್ರು, ಟೋಪಿ.

ಅದೇ ವಾರ ಕ್ಯಾಂಟೀನಿನಲ್ಲಿ ಜಗಳವಾಯಿತು. ಕ್ಯಾಂಟೀನಿನ ಚನ್ನಪ್ಪ ಇಪ್ಪತ್ತು ವರ್ಷದಿಂದ ಎಲ್ಲರಿಗೂ ಒಂದೇ ಮಾತು ಹೇಳುವವನು: "ಚಾ ತಗೋರಿ." ಯಮನೂರಪ್ಪ ಲೋಟ ಕುಕ್ಕಿ, "ಯಾರಿಗೆ ತಗೋ ಅಂತಿಯಲೇ?" ಎಂದು ಎದ್ದ.

"ಅಯ್ಯ, ತಗೋರಿ ಅಂದ್ನಲ್ಲೋ ಮಾರಾಯ!"

"ಮತ್ತ ತಗೋ ಅಂತಾನ ನೋಡ್ರಿರಿ ಇವ!"

ನಾನು ಅಲ್ಲೇ ಇದ್ದೆ. ಚನ್ನಪ್ಪ ‘ರಿ’ ಅಂದದ್ದು ಸ್ಪಷ್ಟವಾಗಿ ಕೇಳಿತ್ತು. ಹೂವಿನ ಹಾರ ತಲೆಗೇರಿದೆ ಎಂದು ಉಳಿದವರು ತೀರ್ಮಾನಿಸಿದರು. ನನಗೆ ಬೇರೆಯೇ ಅನಿಸಿತು. ಕೆಲವು ದಿನದಿಂದ ಈ ಹುಡುಗ ನನ್ನೊಡನೆ "ಹೌದ್ರಿರಿ", "ಇಲ್ರಿರಿ" ಎಂದು ಮಾತಾಡುತ್ತಿದ್ದ. ಹಾಸ್ಯವೆಂದುಕೊಂಡಿದ್ದೆ. ಈಗ ಹೊಳೆಯಿತು: ತಾನು ‘ರಿ’ ಅಂದದ್ದು ತನಗೇ ಕೇಳಿಸದ್ದರಿಂದ, ಎದುರಿನವರಿಗೆ ಅಗೌರವವಾಗದಿರಲಿ ಎಂದು ಎರಡು ಸಲ ಹಾಕುತ್ತಿದ್ದ.

ಉಳಿದ ಐದು ಅಪ್ರೆಂಟಿಸರನ್ನು ಕರೆದು ವಿಚಾರಿಸಿದೆ. ಜುಬೇದಾಳ ಮನೆಯಲ್ಲಿ ಕುಕ್ಕರಿನ ಸೀಟಿ ಕೇಳದೆ ಎರಡು ಸಲ ಬೇಳೆ ಸೀದುಹೋಗಿತ್ತು. ಗಂಡ ಅವಳನ್ನು ಹೆಸರು ಹಿಡಿದೇ ಕೂಗುವುದರಿಂದ ಬೇರೆ ನಷ್ಟವೇನೂ ಅವಳಿಗೆ ಕಂಡಿರಲಿಲ್ಲ. ಡೆನಿಸನನ್ನು ‘ರೀ’ ಎನ್ನುವವರು ಇನ್ನೂ ಯಾರೂ ಇರಲಿಲ್ಲ. ನಷ್ಟವಾದದ್ದು ಯಮನೂರಪ್ಪನಿಗೆ.

ಅವನು ಮಾರನೆಯ ದಿನ ಬಂದು ಬಾಗಿಲಲ್ಲಿ ನಿಂತ.

"ಸರ್ರಿ, ನನ್ನ ಹೆಂಡ್ತಿ ದನಿ ಕೇಳವಲ್ದು."

"ಅವರು ಮಾತಾಡ್ತಾ ಇಲ್ವಾ?"

"ಬಾಯಿ ಆಡತೈತಿ, ದನಿ ಬರವಲ್ದು. ಆಕೀ ದನಿ ಭಾಳ ಸಣ್ಣದ್ರಿರಿ, ಮ್ಯಾಲಿಂದು. ನಾ ಆಕೀನ್ನ ನೋಡೂಕಿಂತ ಮೊದಲ ಕೇಳೀನಿ. ಶೆಡ್ಡಿನ ಆಚೀ ಕಡೆ ನಿಂತು ಯಾರಿಗೋ ಬೈಯಾಕತ್ತಿದ್ಲು. ಯಾರದಪ್ಪ ಇದು ಅಂತ ಸುತ್ತು ಹಾಕ್ಕೊಂಡು ಹೋದ್ನಿ. ಹಂಗ ಆದದ್ದು ನಮ್ಮ ಮದುವಿ." ಕಿವಿ ಮುಟ್ಟಿಕೊಂಡು, "ಮೊದಲ ‘ರೀ’ ಅಷ್ಟ ಹೋಗಿತ್ತು. ಈಗ ಪೂರಾ ಹೋಗೇತಿ" ಅಂದ.

ಅವನ ಕಿವಿ ಈಗ ಆಚಾರ್ರ ಕಿವಿ. ಆದ್ದರಿಂದ ಆಚಾರ್ರ ಮನೆಗೆ ಹೋದೆ.

ಆಚಾರ್ರು ಸಂತೋಷದಿಂದ ಕೂರಿಸಿದರು. ಅವರ ಹೆಂಡತಿ ಮಂಗಳಮ್ಮ ಅಡುಗೆಮನೆಯ ಬಾಗಿಲಲ್ಲಿ ಕಾಣಿಸಿಕೊಂಡು, ಸ್ಟೀಲಿನ ತಟ್ಟೆಗೆ ಚಮಚದಿಂದ ಒಂದು ಸಲ ಟಣ್ ಎಂದು ಹೊಡೆದರು. ಆಚಾರ್ರು ಎದ್ದು ಹೋಗಿ ಕಾಫಿ ತಂದರು.

"ನಮ್ಮ ಮನೆಯವಳದು ಬಹಳ ಸೌಮ್ಯ ಸ್ವಭಾವ" ಅಂದರು ನನಗೆ. "ಮಾತು ಕಮ್ಮಿ. ಇಷ್ಟು ವರ್ಷದಲ್ಲಿ ಒಂದು ದಿನ ಎತ್ತರದ ದನಿಯಲ್ಲಿ ಮಾತಾಡಿದ್ದಿಲ್ಲ."

ಆಚಾರ್ರು ಕೋಲು ತೋರಿಸಲೆಂದು ಒಳಕೋಣೆಗೆ ಹೋದಾಗ ಮಂಗಳಮ್ಮ ನನ್ನ ಹತ್ತಿರ ಬಂದರು. ತೆಳ್ಳಗಿನ, ಏರುದನಿ. ಯಾರಾದರೂ ಎರಡು ಮನೆ ಆಚೆಗೂ ಕೇಳಬಹುದಾದ ದನಿ.

"ಇವರು ಕೆಲಸಕ್ಕೆ ಸೇರಿದ ಏಳನೇ ವರ್ಷದಲ್ಲಿ ಗೊತ್ತಾಯ್ತು, ಇವರಿಗೆ ನಾನು ಕರೆದದ್ದು ಕೇಳಿಸ್ತಿಲ್ಲ ಅಂತ. ಕೋಪ ಅಂದ್ಕೊಂಡೆ. ಆಮೇಲೆ ಬೇಸರ ಅಂದ್ಕೊಂಡೆ. ಮೈಸೂರಿಗೆ ಹೋಗಿ ಕಿವಿ ತೋರಿಸಿದ್ವಿ, ಡಾಕ್ಟರು ಇಷ್ಟು ಒಳ್ಳೆ ಕಿವಿ ನೋಡೇ ಇಲ್ಲ ಅಂದ್ರು. ಅವತ್ತು ತಟ್ಟೆ ಹಿಡಿದೆ."

"ಅವರಿಗೆ ಹೇಳಲಿಲ್ವಾ?"

"ಹೇಳಿದೆ" ಅಂದರು ಮಂಗಳಮ್ಮ. "ಕೇಳಿಸಬೇಕಲ್ಲ."

ಆಚಾರ್ರು ಕೋಲು ಹಿಡಿದು ಬಂದರು. ಮಂಗಳಮ್ಮ ಅವರ ಎದುರಿಗೇ, ಅದೇ ದನಿಯಲ್ಲಿ, "ಇದನ್ನೂ ಹಾಸಿಗೆ ಪಕ್ಕ ಇಟ್ಕೊಂಡು ಮಲಗ್ತಾರೆ ಪುಣ್ಯಾತ್ಮ" ಅಂದರು. ಆಚಾರ್ರು ನನ್ನ ಮುಖ ನೋಡಿ ಮುಗುಳ್ನಕ್ಕರು. ನಾನು ಕಾಫಿ ಕುಡಿದು ಮುಗಿಸಿದೆ.

ಡಾಕ್ಟರ್ ಅನಸೂಯಾ ಎಲ್ಲ ದಾಖಲೆ ಹರವಿ ಕೂತರು. ಪರದೆಯ ಮೇಲೆ ಎರಡು ಗೆರೆ ಎಳೆದು ತೋರಿಸಿದರು. ಮೇಲಿನದು ಎರಡನೇ ಯಂತ್ರದ ವೇಗ ಹಿಡಿತದಲ್ಲಿಡುವ ಗವರ್ನರಿಗೆ ಎಣ್ಣೆ ಒತ್ತುವ ಪಂಪಿನ ಕೀರಲು. ಕೆಳಗಿನದು ನನ್ನ ಫೋನಿನಲ್ಲಿ ಹಿಡಿದು ತಂದಿದ್ದ ಮಂಗಳಮ್ಮನ ದನಿ. ಒಂದರ ಮೇಲೊಂದು ಇಟ್ಟರೆ ಬೆರಳಿಗೆ ಉಂಗುರ ಕೂತ ಹಾಗೆ ಕೂತವು.

"ಈ ಪಂಪು ಬಂದು ಎಷ್ಟು ವರ್ಷ ಆಯ್ತು?"

ಕಡತ ತೆಗೆದು ನೋಡಿದೆ. ಆಚಾರ್ರ ಸೇವೆಯ ಆರನೇ ವರ್ಷ.

"ಬಿರುಕಿನ ಶಬ್ದ ಇರೋದು ಈ ಕೀರಲಿನ ಅಡಿಯಲ್ಲೇ. ಇದನ್ನ ಮುಚ್ಚದೆ ಅದು ಕೇಳಲ್ಲ. ಅವರು ಮುಚ್ಚೋದು ಕಲಿತರು. ಪಂಪು ಯಾವುದು, ಹೆಂಡತಿ ಯಾವುದು ಅಂತ ಮಿದುಳಿಗೆ ಯಾರು ಹೇಳಬೇಕು?"

"ಈ ಒಂದು ಆಜ್ಞೆ ಮಾತ್ರ ತೆಗೆದು ಉಳಿದದ್ದನ್ನ ಬಿಡೋಕಾಗಲ್ವಾ?"

"ಉಳಿದದ್ದೆಲ್ಲ ಇದರ ಮೇಲೆ ಕಟ್ಟಿರೋದು. ತೆಗೆದರೆ ಪೂರ್ತಿ ತೆಗೀಬೇಕು." ಕನ್ನಡಕ ಒರೆಸಿಕೊಂಡರು. "ಪಂಪ್ ಬದಲಾಯಿಸಿದ್ರೂ ಇವರ ಕಿವಿ ಬದಲಾಗಲ್ಲ. ತಗ್ಗಿನ ದನಿ ಮಾತ್ರ ಹೋಗತ್ತೆ ಒಳಗೆ. ಆ ಹುಡುಗಿಗೆ ದಪ್ಪ ದನಿಯಲ್ಲಿ ಮಾತಾಡೋದು ಅಭ್ಯಾಸ ಮಾಡೋಕೆ ಹೇಳಿ."

ಹೆರಕಲ್ ಸಾಹೇಬರಿಗೆ ವಿಷಯ ಒಪ್ಪಿಸಿದೆ. ಅವರು ಗಂಭೀರವಾಗಿ ಕೇಳಿ, "ಹೆಂಡ್ತಿ ಮಾತು ಕೇಳಸಂಗಿಲ್ಲ ಅಂತ ಕಂಪ್ಲೇಂಟ್ ಬಂದದ್ದು ಇದ ಮೊದಲು ನೋಡ್ರಿ" ಎಂದು ನಕ್ಕರು. ನಗು ಮುಗಿಸಿ ಹೇಳಿದರು: "ಒಬ್ಬ ತಗಸಿದ್ರ ಆರೂ ಜನ ತಗಸ್ತಾರ. ಮೇ ಒಂದನೇ ತಾರೀಖಿಗೆ ಆಚಾರಿ ಇರೂದಿಲ್ಲ. ಕೆಳಗ ಯಾರನ್ನ ನಿಲ್ಲಸ್ತೀರಿ? ನಿಮ್ಮನ್ನ?"

ಅವರದು ತಪ್ಪು ಎಂದು ನನಗೆ ಈಗಲೂ ಹೇಳಲಾಗುವುದಿಲ್ಲ. ಆ ಬಿರುಕನ್ನು ನಾನೂ ಮುಟ್ಟಿ ನೋಡಿದ್ದೆ. ಆದರೂ ನಿಯಮ ನಿಯಮವೇ. ತೊಂಬತ್ತು ದಿನದೊಳಗೆ ಪ್ರತಿ ಅಪ್ರೆಂಟಿಸನೂ ‘ಉಳಿಸಿಕೊಳ್ಳುತ್ತೇನೆ’ ಅಥವಾ ‘ತೆಗೆಸುತ್ತೇನೆ’ ಎಂದು ಬರೆದು ಸಹಿ ಮಾಡಬೇಕಿತ್ತು. ತೆಗೆಸಿದವರಿಗೆ ಅಪ್ರೆಂಟಿಸಿಕೆಯೂ ಇಲ್ಲ.

ನೀಲವ್ವ ದಪ್ಪ ದನಿ ಕಲಿಯತೊಡಗಿದಳು. ಕ್ವಾರ್ಟರ್ಸಿನ ಗೋಡೆಗಳು ತೆಳು. ಇಡೀ ಬ್ಲಾಕು ಅವಳ ಪಾಠ ಕೇಳಿತು. ಗಂಟಲು ಕೆಳಗಿಳಿಸಿ, ಎದೆಯಿಂದ ದನಿ ಎತ್ತಿ, "ಊಟ. ನೀರು. ಬಾ" ಎಂದು ಒಂದೊಂದೇ ಮಾತು. ಮಕ್ಕಳು ಕಿಟಕಿಯಲ್ಲಿ ನಿಂತು "ಫೌಜದಾರ ಬಂದ್ರು!" ಎಂದು ಓಡುತ್ತಿದ್ದವು. ಆ ದನಿಯಲ್ಲಿ ‘ರೀ’ ಬರುವುದಿಲ್ಲ, ಅದು ಮೇಲಕ್ಕೇ ಏರುವ ಅಕ್ಷರ. ಬೇರೆ ದಾರಿ ಕಾಣದೆ ಅವಳು "ಯಮನೂರಾ" ಎಂದು ಹೆಸರು ಹಿಡಿದಳು.

ಅತ್ತೆಗೆ ಸಿಡಿಲು ಬಡಿದ ಹಾಗಾಯಿತು. "ಗಂಡನ ಹೆಸರು ತಗೊಂಡು, ಅದೂ ಗಂಡಸಿನ ದನಿಯಾಗ! ಇದಕ್ಕೇನ ನಿಮ್ಮವ್ವ ಹಡದಾಳೇನ ನಿನ್ನ?"

"ಮತ್ತ ನಾ ಹೆಂಗ ಕರೀಲಿ ಅತ್ತಿ?" ಇದನ್ನು ನೀಲವ್ವ ತನ್ನ ಸ್ವಂತ ದನಿಯಲ್ಲಿ ಕೇಳಿದಳಂತೆ. ನನಗೆ ಹೇಳಿದ್ದು ಪಕ್ಕದ ಮನೆಯ ಡೆನಿಸ್. ಪಕ್ಕದ ಮನೆಯವನಿಗೂ ಅದೇ ಕಿವಿ ಇದ್ದುದರಿಂದ ಅವನಿಗೆ ತಿಳಿದದ್ದು ಅವನ ತಾಯಿಯಿಂದ.

ಕೆಲಸದಲ್ಲಿ ಮಾತ್ರ ಯಮನೂರಪ್ಪ ದಿನದಿಂದ ದಿನಕ್ಕೆ ಆಚಾರ್ರಾಗುತ್ತಿದ್ದ. ಅವರ ಹಾಗೇ ತಲೆ ಎಡಕ್ಕೆ ವಾಲಿಸುತ್ತಿದ್ದ. ಒಂದು ದಿನ ಆಚಾರ್ರು ಅವನಿಗೆ ಕೋಲು ಕೊಟ್ಟು, ಮನೆಯಲ್ಲಿ ಹೇಗಿದ್ದಾರೆಂದು ಕೇಳಿದರು. "ಸೌಮ್ಯ ಆಗ್ಯಾಳ್ರಿರಿ" ಅಂದ ಯಮನೂರಪ್ಪ. ಆಚಾರ್ರು ಮೆಚ್ಚಿ ತಲೆಯಾಡಿಸಿದರು.

ಎಂಬತ್ತೊಂಬತ್ತನೇ ದಿನ ಹನ್ನೊಂದು ಗಂಟೆಗೆ ಗಂಡ ಹೆಂಡತಿ ಇಬ್ಬರೂ ನನ್ನ ಕೋಣೆಗೆ ಬಂದರು. ಉಳಿದ ಐದು ಜನ ‘ಉಳಿಸಿಕೊಳ್ಳುತ್ತೇನೆ’ ಎಂದು ಸಹಿ ಹಾಕಿ ಆಗಿತ್ತು. ಹೊರಗೆ ಏಪ್ರಿಲಿನ ಬಿಸಿಲು.

"ಏನ್ ನಿರ್ಧಾರ ಮಾಡಿದ್ರಿ?" ಎಂದೆ.

"ನಾ ತಗಸಬೇಕಂತಿದ್ದೆ. ಖರೇ ಅಂದ್ರ ನಿನ್ನೆ ಅರ್ಜಿನೂ ಬರೆದಿದ್ದೆ" ಅಂದ ಯಮನೂರಪ್ಪ. "ಇಕಿನ ಹರಿದು ಒಲಿಗೆ ಹಾಕಿದ್ಲು. ಇಟ್ಕೋ ಅಂತಾಳ. ನಿಮ್ಮವ್ವನ್ನ ಮತ್ತ ತಗಡಿನ ಶೆಡ್ಡಿಗೆ ಕಳಸ್ತಿಯೇನು, ತಂಗ್ಯಾರ ಸಾಲಿ ಬಿಡಸ್ತಿಯೇನು ಅಂತಾಳ. ನನಗೇನ್ ತ್ರಾಸಿಲ್ಲ, ದಪ್ಪ ದನಿ ರೂಢಿ ಆಗೇತಿ ಅಂತಾಳ. ಹೌದಿಲ್ಲೋ?"

ನೀಲವ್ವ ಎದೆಯಿಂದ ದನಿ ಎತ್ತಿ, "ಹೌದು. ರೂಢಿ ಆತು" ಅಂದಳು. ಗಡಸು ದನಿ. ಅವಳ ಮುಖಕ್ಕೆ ಹೊಂದದ್ದು.

ಫಾರಂ ಅವನ ಮುಂದಿಟ್ಟೆ. ಅವನು ಪೆನ್ನು ತೆಗೆದುಕೊಂಡು, ಬಗ್ಗಿ, ಒಂದೊಂದೇ ಸಾಲು ಬೆರಳಿಟ್ಟು ಓದತೊಡಗಿದ. ಅವನ ತಲೆ ಕೆಳಗಿದ್ದಾಗ ನೀಲವ್ವ ಕುರ್ಚಿಯಲ್ಲಿ ಅಲ್ಲಾಡದೆ, ನನ್ನನ್ನೂ ನೋಡದೆ, ಕಿಟಕಿಯ ಕಡೆ ಮುಖ ಮಾಡಿ ಮಾತಾಡಿದಳು. ಆಗಲೇ ನಾನು ಅವಳ ಸ್ವಂತ ದನಿ ಮೊದಲ ಸಲ ಕೇಳಿದ್ದು. ಶೆಡ್ಡು ಸುತ್ತಿ ಹೋಗಿ ಯಾರೆಂದು ನೋಡಬೇಕೆನಿಸುವಂಥದ್ದೇ.

"ನನಗ ಬ್ಯಾಡಾಗೇತ್ರಿ ಇದು. ತಗಸಿದ್ರ ಸಾಕಾಗೇತಿ. ನಾ ಅಂದ್ರ ತಗಸ್ತಾರ, ಅದಕ್ಕ ಅಂದಿಲ್ಲ. ಆ ಗೊಗ್ಗರ ದನಿಯಾಗ ನಾ ಏನ್ ಅಂದ್ರೂ ನನಗ ಖರೇ ಅನಸಂಗಿಲ್ಲ. ಒಂದ ಸಲ ನನ್ನ ದನಿಯಾಗ ಅಂದುಬಿಡಬೇಕು, ಯಾರ ಮುಂದಾದ್ರೂ."

ಪಕ್ಕದಲ್ಲಿ, ಒಂದು ಮೊಳ ದೂರದಲ್ಲಿ, ಯಮನೂರಪ್ಪ ಮೂರನೇ ಸಾಲು ಓದುತ್ತಿದ್ದ. ಅವಳ ಉಸಿರಿನ ಗಾಳಿಗೋ ನನ್ನ ಮುಖ ನೋಡಿಯೋ ತಲೆ ಎತ್ತಿದ. ಅವಳು ಬಾಯಿ ಮುಚ್ಚಿಯಾಗಿತ್ತು.

"ಏನಂದ್ಲು ಸರ್ರಿ?"

ನೀಲವ್ವ ಈಗ ನನ್ನನ್ನು ನೋಡುತ್ತಿದ್ದಳು. ಹೇಳಿ ಎನ್ನುವ ನೋಟವೋ ಬೇಡವೆನ್ನುವುದೋ ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಬರೆಯುವುದು ಸುಲಭ. ಇನ್ನೆರಡು ಗಳಿಗೆ ನೋಡಿದ್ದರೆ ತಿಳಿಯುತ್ತಿತ್ತೇನೋ. ನಾನು ನೋಡಲಿಲ್ಲ. ಒಂದನೇ ತಾರೀಖಿಗೆ ಹನ್ನೊಂದು ದಿನ ಉಳಿದಿತ್ತು.

"ಬಿಸಿಲು ಭಾಳ ಅಂದ್ರು" ಎಂದೆ.

"ಹೌದ್ರಿರಿ, ಈ ವರ್ಷ ಭಾಳ" ಅಂದು ಯಮನೂರಪ್ಪ ಸಹಿ ಮಾಡಿದ. ಮಾಡಿ, ಒಣಗಲೆಂದು ಅದರ ಮೇಲೆ ಊದಿದ. ಮುದ್ರೆ ಒತ್ತಿ ಫಾರಂ ಕಡತಕ್ಕೆ ಸೇರಿಸಿದೆ.

ನೀಲವ್ವ ಸೆರಗು ಸರಿಪಡಿಸಿಕೊಂಡು, ಗಂಟಲು ಕೆಳಗಿಳಿಸಿ, "ಯಮನೂರಾ, ನಡಿ, ಹೋಗೂಣು" ಅಂದಳು.

ಅದು ಅವನಿಗೆ ಕೇಳಿಸಿತು. ಎದ್ದ.